ರಾಕ್ಷಸನನ್ನು ತೆಗೆದುಹಾಕಿದ ಕತೆ

ಹೋದ ತಿಂಗಳು ನನ್ನ ಅಕ್ಕನ ಮಗಳು ಕಾಂಪೌಂಡರ್ ತಿಮ್ಮಪ್ಪನವರಿಗೆ ಒದ್ದಳು. ಎಡಗಾಲಿನಲ್ಲಿ. ಒದೆ ಬಿದ್ದ ರಭಸಕ್ಕೆ ಅವರ ಕನ್ನಡಕ ಹಾರಿ ಬೇಸಿನ್ನಿಗೆ ಬಿತ್ತು. (ಬಲಗಾಲಿಗೆ ತೊಡೆಯವರೆಗೂ ಪ್ಲಾಸ್ಟರ್ ಹಾಕಿತ್ತು. ಇಲ್ಲದಿದ್ದರೆ ಅದರಲ್ಲೂ ಒಂದು ಬೀಳುತ್ತಿತ್ತೇನೋ.)

ಹುಡುಗಿಯ ಹೆಸರು ಗಂಗಾಂಬಿಕೆ. ಮನೆಯಲ್ಲಿ ಗಂಗಿ. ಒಂಬತ್ತು ವರ್ಷ. ಯಗಟಿಯ ಮನೆ ಹಿತ್ತಲಿನ ಸೀಬೆ ಮರದಿಂದ ಬಿದ್ದು ಮಂಡಿಯ ಕೆಳಗೆ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು. ಪ್ಲಾಸ್ಟರ್ ಬಿಚ್ಚುವುದಷ್ಟೇ ಬಾಕಿ. ಆದರೆ ತಿಮ್ಮಪ್ಪನವರ ಕೈಯಲ್ಲಿದ್ದ ಸಣ್ಣ ಗರಗಸ ಕಂಡದ್ದೇ ತಡ, ಆಸ್ಪತ್ರೆಯ ಹೆಂಚು ಹಾರಿಹೋಗುವ ಹಾಗೆ ಕಿರುಚಿದಳು.

ಅದು ಎರಡನೇ ಸಲ. ಹಿಂದಿನ ವಾರವೂ ಹೀಗೇ ಆಗಿ, ಅಕ್ಕ ಅವಳನ್ನು ಬಸ್ಸಿನ ಉದ್ದನೆ ಸೀಟಿನಲ್ಲಿ ಮಲಗಿಸಿಕೊಂಡು ಯಗಟಿಗೆ ವಾಪಸ್ ಹೋಗಿದ್ದಳು.

ಡಾಕ್ಟರು ಈ ಸಲ ನಗಲಿಲ್ಲ. "ನೋಡಿ ಅಮ್ಮಾ, ಇನ್ನೂ ತಡ ಮಾಡಿದ್ರೆ ಮಂಡಿ ಗಟ್ಟಿಯಾಗ್ಬಿಡುತ್ತೆ. ಆಮೇಲೆ ಮಡಚೋದು ಕಷ್ಟ. ನಾಲ್ಕು ಜನ ಹಿಡ್ಕೊಂಡು ಬಿಚ್ಚಬಹುದು. ಆದ್ರೆ ಅವಳು ಒದ್ದಾಡಿದಾಗ ಗರಗಸ ಜಾರಿದ್ರೆ? ನಾಳೆ ಬೆಳಿಗ್ಗೆ ಕರ್ಕೊಂಡ್ಬನ್ನಿ. ಹೇಗಾದ್ರೂ ಒಪ್ಪಿಸಿ."

ಹೇಗಾದರೂ ಎಂದರೆ ಹೇಗೆ?

ಅಕ್ಕ, ಗಂಗಿ ಇಬ್ಬರನ್ನೂ ಕಡೂರಿನ ನಮ್ಮ ಮನೆಗೇ ಕರೆತಂದೆ. ಕಿತ್ತಳೆಹಣ್ಣಿನ ಪೆಪ್ಪರ್‌ಮೆಂಟು, ಹೊಸ ಲಂಗದ ಆಸೆ ಎಲ್ಲ ಆಯಿತು. ಗಂಗಿ ಗೋಡೆಗೆ ಒರಗಿ, ಬಿಳಿ ಕಾಲನ್ನು ಚಾಚಿಕೊಂಡು, ಯಾವುದಕ್ಕೂ ಬಗ್ಗದೆ ಕೂತಿದ್ದಳು.

ಆಗ ನನಗೆ ನನ್ನ ಕತೆ ನೆನಪಾಯಿತು.

ವಿಷಯ ಏನೆಂದರೆ, ಮಕ್ಕಳ ಮಾಸಪತ್ರಿಕೆಯೊಂದರ ಸಂಪಾದಕರು ನನಗೊಂದು ಕೆಲಸ ಒಪ್ಪಿಸಿದ್ದರು. ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕತೆ ನಮಗೆಲ್ಲ ಗೊತ್ತಲ್ಲ? ಅದನ್ನು ಇಂದಿನ ಮಕ್ಕಳಿಗಾಗಿ ಮಾಡರ್ನ್ ಆಗಿ ಬರೆದುಕೊಡಬೇಕು. ಭಯ ಇರಬಾರದು, ಹಿಂಸೆ ಇರಬಾರದು, ಮೂಢನಂಬಿಕೆಯಂತೂ ಇರಲೇಬಾರದು. ಸಾಧ್ಯವಾದರೆ ಸ್ವಲ್ಪ ಜನರಲ್ ನಾಲೆಜ್ ಇರಲಿ.

ನಾನು ಸ್ಕೂಲ್ ಟೀಚರ್. ಇಂಥದಕ್ಕೆ ಕೈ ತುರಿಸುತ್ತಿರುತ್ತದೆ. ಹನ್ನೆರಡು ಪುಟ ಬರೆದಿದ್ದೆ. ಬರೆದು, ತರೀಕೆರೆಯಲ್ಲಿ ನಡೆದ ಟೀಚರ್ಸ್ ಮೀಟಿಂಗಿನಲ್ಲಿ ಓದಿ, ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. (ಚಪ್ಪಾಳೆ ತಟ್ಟಿದವರೆಲ್ಲ ನಲವತ್ತು ದಾಟಿದವರು. ಅದನ್ನು ನಾನು ಆಗ ಗಮನಿಸಬೇಕಿತ್ತು.)

ಇನ್ನೂ ಪೋಸ್ಟ್ ಮಾಡಿರಲಿಲ್ಲ. ಗಂಗಿಯ ಪಕ್ಕ ಕೂತು ಓದತೊಡಗಿದೆ.

ನನ್ನ ಕತೆಯಲ್ಲಿ ರಾಕ್ಷಸ ರಾಕ್ಷಸನಲ್ಲ. ಗೆಳೆಯರಿಲ್ಲದೆ ಬೇಸರಗೊಂಡ ದಪ್ಪ ಮನುಷ್ಯ. ರಾಜಕುಮಾರಿಯನ್ನು ಆತ ಹೊತ್ತೊಯ್ಯುವುದಿಲ್ಲ, ತೋಟ ನೋಡಲು ಕರೆಯುತ್ತಾನೆ. ರಾಜಕುಮಾರ ಏಳು ಸಮುದ್ರ ದಾಟುವಾಗ ಒಂದೊಂದರ ಹೆಸರು, ಆಳ, ಅಲ್ಲಿ ಸಿಗುವ ಮೀನು ಎಲ್ಲ ಹೇಳುತ್ತಾ ಹೋಗುತ್ತಾನೆ. ಗಿಣಿ ಬರೀ ಗಿಣಿ. ಕೊನೆಗೆ ಎಲ್ಲರೂ ಸೇರಿ ಗಿಡ ನೆಡುತ್ತಾರೆ.

ಮೂರನೇ ಸಮುದ್ರದ ಹತ್ತಿರ ಗಂಗಿ ಆಕಳಿಸಿದಳು.

"ಚಿಕ್ಕಮ್ಮ, ಇದು ಆ ಕತೆ ಅಲ್ಲ."

"ಅದೇ ಕಣೇ. ಸ್ವಲ್ಪ ಹೊಸದಾಗಿ ಬರ್ದಿದೀನಿ."

"ಮತ್ತೆ ರಾಕ್ಷಸ ಎಲ್ಲೋದ?"

"ಈ ದಪ್ಪ ಮನುಷ್ಯನೇ..."

"ಇವ್ನು ನಮ್ಮೂರ್ ಪೋಸ್ಟ್ ಮ್ಯಾನ್ ಇದ್ದಂಗವ್ನೆ. ಇವ್ನಿಗೆ ಯಾರ್ ಹೆದ್ರುತಾರೆ? ಹೆದ್ರಿಕೇನೇ ಇಲ್ದಿದ್ರೆ ರಾಜಕುಮಾರ ಯಾಕ್ ಅಷ್ಟ್ ದೂರ ಹೋಗ್ಬೇಕು?"

ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಅಕ್ಕ ಕಿಸಕ್ಕೆಂದಳು. ನನಗೆ ಉರಿಯಿತು. ಇಡೀ ಮೀಟಿಂಗ್ ಮೆಚ್ಚಿದ ಕತೆ!

"ಆ ಕಾಗದ ಮಡಚಿಡೇ. ಅಮ್ಮ ಹೇಳ್ತಿದ್ದಂಗೆ ಹೇಳು," ಅಂದಳು ಅಕ್ಕ.

ನಾವಿಬ್ಬರೂ ಬೆಳೆದದ್ದು ಅಜ್ಜಂಪುರದಲ್ಲಿ. ನಮ್ಮಮ್ಮ ಈ ಕತೆ ಹೇಳುವಾಗ ರಾಕ್ಷಸ ಬರುವ ಜಾಗಕ್ಕೆ ಬಂದರೆ ದನಿಯನ್ನು ಹೊಟ್ಟೆಯೊಳಗಿಂದ ತೆಗೆಯುತ್ತಿದ್ದಳು. ನಾನೂ ತೆಗೆದೆ. ಮಧ್ಯದಲ್ಲಿ ಮರೆತೆ. ಅಕ್ಕ ಮೊರ ಬದಿಗಿಟ್ಟು ಮುಂದುವರಿಸಿದಳು. ಹಲ್ಲು ನೇಗಿಲಿನ ಗುಳದಷ್ಟು, ಕಣ್ಣು ಕೆಂಡ, ಹೆಜ್ಜೆ ಇಟ್ಟರೆ ಬಾವಿ ನೀರು ತುಳುಕುತ್ತಿತ್ತು. ರಾಜಕುಮಾರ ಕತ್ತಿಯಲ್ಲಿ ಹೊಡೆದರೂ ಅವನಿಗೆ ಏನೂ ಆಗದು. ಯಾಕೆ? ಪ್ರಾಣ ಅಲ್ಲಿದ್ದರೆ ತಾನೆ!

ಗಂಗಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿದ್ದಳು.

"ಸಮುದ್ರ ಅಂದ್ರೆ ನಮ್ಮ ಅಯ್ಯನಕೆರೆಗಿಂತ ದೊಡ್ಡದಾ?"

"ಬಾಳ ದೊಡ್ಡದು," ಅಂದಳು ಅಕ್ಕ.

"ಅಷ್ಟ್ ದೂರದಾಗಿಟ್ರೆ, ಕತ್ತಿ ತಗುಲಿದ್ರೂ ಅವ್ನಿಗೆ ನೋವೇ ಆಗಲ್ವಾ?"

ನನ್ನೊಳಗಿನ ಟೀಚರ್ ಬಾಯಿ ತೆರೆದಳು. ಸೈಂಟಿಫಿಕ್ ಆಗಿ ಏನಾದರೂ ಹೇಳಬೇಕಲ್ಲ. ಅಷ್ಟರಲ್ಲಿ ಅಕ್ಕ, "ಚೂರೂ ಆಗಲ್ಲ," ಅಂದುಬಿಟ್ಟಳು.

ಗಿಣಿಯ ಕತ್ತು ಮುರಿದು ರಾಕ್ಷಸ ಸತ್ತಾಗಲೂ ಗಂಗಿಯ ಮುಖ ಅರಳಲಿಲ್ಲ. ಬೇರೇನನ್ನೋ ಯೋಚಿಸುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಜಟಕಾ ಬಂದು ನಿಂತಿತು. ಗಂಗಿ, "ಒಂದ್ ನಿಮಿಷ. ನೀವಿಬ್ರೂ ಆಚೆ ಹೋಗಿ," ಎಂದು ನಮ್ಮನ್ನು ಹೊರಗೆ ಕಳಿಸಿದಳು. ಬಾಗಿಲ ಸಂದಿನಿಂದ ಇಣುಕಲು ಹೋದ ನನ್ನ ಸೆರಗನ್ನು ಅಕ್ಕ ಹಿಡಿದೆಳೆದಳು.

ಆಸ್ಪತ್ರೆಯಲ್ಲಿ ತಿಮ್ಮಪ್ಪನವರು ಕನ್ನಡಕ ತೆಗೆದು ಮೊದಲೇ ಜೇಬಿಗೆ ಹಾಕಿಕೊಂಡರು. ಅನುಭವಸ್ಥರು. ಅಕ್ಕ ಮಗಳ ಭುಜ ಹಿಡಿದಳು. ನಾನು ಎಡಗಾಲು ಹಿಡಿಯಲು ಬಗ್ಗಿದೆ.

"ಹಿಡೀಬೇಡ ಚಿಕ್ಕಮ್ಮ," ಅಂದಳು ಗಂಗಿ. ಮುಖ ಬಿಳಿಚಿಕೊಂಡಿತ್ತು. "ಕುಯ್ರಿ. ನನ್ ಪ್ರಾಣ ಇಲ್ಲಿಲ್ಲ."

ತಿಮ್ಮಪ್ಪನವರ ಗರಗಸ ಅಲ್ಲೇ ನಿಂತಿತು. "ಏನಂದೆ ಮಗಾ?"

"ಬಚ್ಚಿಟ್ಟು ಬಂದಿದೀನಿ."

ಅವರು ನಮ್ಮ ಮುಖ ನೋಡಿದರು. ಅರವತ್ತರ ಹತ್ತಿರದ ಮನುಷ್ಯ. ಈ ಕತೆ ಅವರ ಮನೆಯಲ್ಲೂ ಯಾರೋ ಹೇಳಿರಬೇಕು. ಗಂಭೀರವಾಗಿ, "ಎಲ್ಲಿಟ್ಟಿದೀಯವ್ವ?" ಎಂದು ಕೇಳಿದರು.

"ಹೇಳಲ್ಲ. ಹೇಳಿದ್ರೆ ನೀವ್ ಹೋಗಿ ಕತ್ತು ಮುರೀತೀರಿ."

"ಅದೂ ಸರಿ ಬಿಡು," ಎಂದು ತಿಮ್ಮಪ್ಪನವರು ಕೆಲಸ ಶುರು ಮಾಡಿದರು. ಕರಕರ ಸದ್ದು. ಬಿಳಿ ಪುಡಿ ಉದುರಿತು. ಗಂಗಿ ಸೂರು ನೋಡುತ್ತಾ ತುಟಿ ಕಚ್ಚಿಕೊಂಡಿದ್ದಳು. ಕಣ್ಣಂಚಿನಿಂದ ನೀರು ಕಿವಿಯವರೆಗೆ ಇಳಿಯಿತು. ಆದರೆ ಕಾಲು? ಅಲುಗಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನಿಜ ಹೇಳಬೇಕೆಂದರೆ, ಆಮೇಲೆ ನಾನೂ ಮುಚ್ಚಿಕೊಂಡೆ.

ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿಕೊಂಡಾಗ ಮಾತ್ರ ಗಂಗಿ ಜೋರಾಗಿ ಅತ್ತಳು. ನೋವಿಗಲ್ಲ. ಒಳಗಿದ್ದ ಕಾಲು ನೋಡಿ. ಸಣಕಲು ಕಡ್ಡಿ, ಮೇಲೆ ಸುಲಿಯುವ ಚರ್ಮ. "ಇದು ನನ್ ಕಾಲಲ್ಲ!"

"ನಿಂದೇ ಕಣವ್ವ. ಇಷ್ಟು ದಿನ ಬಿಸಿಲು ಕಂಡಿಲ್ಲ, ಅದ್ಕೆ ಮುನಿಸ್ಕೊಂಡದೆ. ದಿನಾ ಎಣ್ಣೆ ಹಚ್ಚಿ ಮಡಚು, ಸರಿಹೋಗ್ತದೆ," ಎಂದು ತಿಮ್ಮಪ್ಪನವರು ಕನ್ನಡಕ ಹಾಕಿಕೊಂಡರು.

ವಾಪಸ್ ಬರುವಾಗ ಜಟಕಾದಲ್ಲಿ ನನಗೆ ತಡೆಯಲಾಗಲಿಲ್ಲ. "ಈಗಾದ್ರೂ ಹೇಳೇ, ಎಲ್ಲಿಟ್ಟಿದ್ದೆ?"

ಗಂಗಿ ನನ್ನ ಕಿವಿಗೆ ಬಾಯಿಟ್ಟಳು. "ನಿಮ್ಮನೆ ಗೋಡೆ ಗಡಿಯಾರದಾಗೆ."

"ಮನೆಗೆ ಹೋದ ತಕ್ಷಣ ತಗೊಂಡ್ಬಿಡು ಹಾಗಾದ್ರೆ."

ಸ್ವಲ್ಪ ಯೋಚಿಸಿದಳು. "ಬ್ಯಾಡ. ಇನ್ನೂ ದಿನಾ ಮಡಚ್ಬೇಕಂತಲ್ಲ, ನೋಯ್ತದೆ. ಅಲ್ಲೇ ಇರ್ಲಿ. ನೀನ್ ಕೀ ಕೊಡೋದ್ ಮರೀಬ್ಯಾಡ, ಅಷ್ಟೇ."

ನಮ್ಮ ಮನೆಯ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀ ಕೊಡಬೇಕು. ತಿಂಗಳಲ್ಲಿ ಎರಡು ಸಲ ಮರೆತು, ರೇಡಿಯೋ ವಾರ್ತೆ ಕೇಳಿ ಟೈಮ್ ಸರಿ ಮಾಡಿಕೊಳ್ಳುವ ಸಂಸಾರ ನಮ್ಮದು. ಈಗ ನೋಡಬೇಕು! ಭಾನುವಾರ ಎದ್ದರೆ ಮೊದಲು ಸ್ಟೂಲ್ ಹತ್ತುತ್ತೇನೆ, ಆಮೇಲೆ ಕಾಫಿ. ನಮ್ಮ ಯಜಮಾನರು, "ಏನ್ರೀ ಟೀಚರಮ್ಮ, ಮೂಢನಂಬಿಕೆನಾ?" ಎಂದು ಛೇಡಿಸುತ್ತಾರೆ. ಹೋದ ವಾರ ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅವರೇ ಸ್ಟೂಲಿನ ಮೇಲಿದ್ದರು.

ಆ ಹನ್ನೆರಡು ಪುಟಗಳನ್ನು ಸಂಪಾದಕರಿಗೆ ಕಳಿಸಲಿಲ್ಲ. ಅಮ್ಮ ಹೇಳುತ್ತಿದ್ದ ಹಾಗೇ, ನೇಗಿಲ ಗುಳದಂಥ ಹಲ್ಲಿನ ಸಮೇತ ಬರೆದು ಕಳಿಸಿದೆ. ಅವರಿಂದ ಉತ್ತರ ಬಂದಿಲ್ಲ. ಪ್ರಿಂಟ್ ಮಾಡುತ್ತಾರೋ ಬಿಡುತ್ತಾರೋ ಅವರಿಗೆ ಸೇರಿದ್ದು.

ಉತ್ತರ ಬಂದದ್ದು ಯಗಟಿಯಿಂದ. ಮೊನ್ನೆ, ಕಾರ್ಡಿನಲ್ಲಿ, ದಪ್ಪ ಪೆನ್ಸಿಲಿನ ಅಕ್ಷರಗಳಲ್ಲಿ. ಮಂಡಿ ಪೂರ್ತಿ ಮಡಚುತ್ತದಂತೆ. ಕುಕ್ಕರುಗಾಲಲ್ಲಿ ಕೂತು ಅಚ್ಚೀಕಲ್ಲು ಆಡಿದಳಂತೆ. "ಪ್ರಾಣವನ್ನು ಬಸ್ಸಿನಲ್ಲಿ ಕಳಿಸಬೇಡ, ರಜಕ್ಕೆ ನಾನೇ ಬಂದು ತಗೊಳ್ತೀನಿ."

ಕೆಳಗೆ ಜಾಗ ಸಾಲದೆ ಅಡ್ಡಡ್ಡ ಬರೆದ ಇನ್ನೂ ನಾಲ್ಕು ಸಾಲು. ಬೀದಿಯ ಮಕ್ಕಳಿಗೆಲ್ಲ ಅವಳು ದಿನಾ ಸಂಜೆ ಈ ಕತೆ ಹೇಳುತ್ತಿದ್ದಾಳೆ. ಅವಳ ಕತೆಯಲ್ಲಿ ರಾಜಕುಮಾರ ಏಳನೇ ಸಮುದ್ರ ದಾಟಿ ಗಿಣಿ ಹಿಡಿಯುತ್ತಾನೆ. ಕತ್ತು ಮುರಿಯಲು ಹೋದರೆ ಅದರೊಳಗೆ ಏನೂ ಇಲ್ಲ. ರಾಜಕುಮಾರಿ ಮೊದಲೇ ಪ್ರಾಣ ಕದ್ದು ತನ್ನ ಹತ್ತಿರ ಇಟ್ಟುಕೊಂಡಿದ್ದಾಳೆ. ರಾಕ್ಷಸ ಈಗ ಅವಳು ಹೇಳಿದ ಕಡೆ ನೀರು ಸೇದಿ, ಹೊಲ ಉಳುತ್ತಿದ್ದಾನೆ.

ಮಕ್ಕಳಿಗಾಗಿ ಹಳೆಯ ಕತೆಯನ್ನು ಹೊಸದು ಮಾಡಬೇಕು ಅಂತ ಇಷ್ಟೆಲ್ಲ ಒದ್ದಾಡುತ್ತೇವಲ್ಲ, ಆ ಕೆಲಸವನ್ನು ನಮಗೆ ಕೊಟ್ಟವರು ಯಾರು?