ಅಡುಗೆಮನೆಯ ಸ್ಪೀಕರು

೧೯೬೪ರ ವಿಜಯದಶಮಿ, ಬೆಳಗ್ಗೆ ಏಳೂವರೆಯ ಸುಮಾರು. ಬೇಲೂರಿನ ನಮ್ಮ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಹೊರಗೆ, ಬಲಗೈ ಬಾಗಿಲವಾಡದ ಮೇಲಿಟ್ಟು ನಾನು ನಿಂತಿದ್ದೆ. ಅಮ್ಮ ಒಳಗೆ ಮಡಿಯಲ್ಲಿದ್ದಳು. ಸೀರೆ ಇನ್ನೂ ಒದ್ದೆ.

ಮಡಿಯಲ್ಲಿ ಅಮ್ಮ ನಡುಮನೆಗೆ ಬರುತ್ತಿರಲಿಲ್ಲ. ರೇಡಿಯೋ ಹಾಡು ಅವಳಿಗೂ ಕೇಳಲೆಂದು, ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಅಣ್ಣ, ತಾನೇ ಕಟ್ಟಿದ ಆಂಪ್ಲಿಫೈಯರಿನಿಂದ ತಂತಿ ಎಳೆದು ಒಳಗೆ ಎರಡನೆಯ ಸ್ಪೀಕರು ಇಟ್ಟಿದ್ದ. ಮರದ ಪೆಟ್ಟಿಗೆ ಬೇಡ, ತೊಳೆದ ತುಪ್ಪದ ತಗಡಿನ ಡಬ್ಬವಾದರೆ ಮಡಿಗೆ ಆಗುತ್ತದೆ ಎಂದವಳು ಅಮ್ಮನೇ. ಗುಂಯ್‌ ಸದ್ದು ಅಡಗಲೆಂದು ಅಣ್ಣ ಆ ಡಬ್ಬವನ್ನೂ ಆಂಪ್ಲಿಫೈಯರಿನ ತಳದ ತಗಡನ್ನೂ ಒಂದು ತಂತಿಯಿಂದ ಸೇರಿಸಿದ್ದ.

ಅಂದಿನಿಂದ ಆಂಪ್ಲಿಫೈಯರು ಕಾದು ಬಿಸಿಯಾಗುತ್ತಿತ್ತು, ಧ್ವನಿ ಒಡೆಯುತ್ತಿತ್ತು. ಎಂಟು ಓಮಿನ ಎರಡು ಸ್ಪೀಕರು ಹೀಗೆ ಜೊತೆಯಾದರೆ ನಾಲ್ಕು ಓಮಾಗುತ್ತದೆ ಎಂದು ಲೆಕ್ಕ ಹಾಕಿ, ಆ ಬೆಳಗ್ಗೆ ಅಣ್ಣ ಪ್ಲಗ್ಗು ಕಿತ್ತು, ಸ್ಪೀಕರಿನ ತಂತಿಗಳನ್ನು ಆಂಪ್ಲಿಫೈಯರಿನ ಹಿಂಬದಿಯ ಎಂಟರ ತಿರುಪಿನಿಂದ ನಾಲ್ಕರ ತಿರುಪಿಗೆ ಬದಲಿಸಿದ. ಪ್ಲಗ್ಗು ಹಾಕು ಎಂದು ನನಗೆ ಹೇಳಿದ.

ಅದು ಎರಡೇ ಪಿನ್ನಿನ ಪ್ಲಗ್ಗು; ತಿರುಗಿಸಿ ಹಾಕಿದರೆ ಆಂಪ್ಲಿಫೈಯರಿನ ತಳದ ತಗಡಿಗೆ ಕರೆಂಟು ಬರುತ್ತಿತ್ತು. ಅದಕ್ಕೇ ಅಣ್ಣ ಒಂದು ಮಗ್ಗುಲಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದ, ಅದು ಮೇಲಿರಬೇಕು. ನಾನು ನೋಡಿಯೇ ಹಾಕಿದೆ. ಕೆಂಪು ಮೇಲಿತ್ತು. ಹಿಂದಿನ ದಿನ ಆಯುಧಪೂಜೆಯಲ್ಲಿ ಅತ್ತಿಗೆ ಇನ್ನೊಂದು ಮಗ್ಗುಲಿಗೆ ಕುಂಕುಮ ಹಚ್ಚಿದ್ದರೆಂದೂ, ನಾನು ನೋಡಿದ್ದು ಅದನ್ನೆಂದೂ ಆಮೇಲೆ ತಿಳಿಯಿತು.

ಹಾಡು ನಿಚ್ಚಳವಾಗಿ ಬಂತು. ಒಳಗೆ ಹೇಗೆ ಕೇಳುತ್ತದೆ ಎಂದು ವಿಚಾರಿಸಲು ಹೊಸ್ತಿಲಿಗೆ ಹೋದೆ.

"ಈಗ ಚೆನ್ನಾಗಿದೆ ಕಣೋ. ನಿಮ್ಮಣ್ಣ ಕೊನೆಗೂ ಪಾಸಾದ ಅನ್ನು," ಎನ್ನುತ್ತ ಅಮ್ಮ ಡಬ್ಬವನ್ನು ಗೋಡೆಗೆ ಸರಿಸಲು ಹಿಡಿದಳು.

ಹಿಡಿದ ಕೈ ಬಿಡಲಿಲ್ಲ. ಬಾಯಿ ತೆರೆದಿತ್ತು, ಸ್ವರವಿಲ್ಲ. ತೋಳು ನಡುಗುತ್ತಿತ್ತು. ಪಕ್ಕದಲ್ಲೇ ಹಾಡು ನಡೆದಿತ್ತು.

ಒಲೆಯ ಬಳಿಯಿದ್ದ ಅತ್ತಿಗೆ, ಅವರೂ ಒದ್ದೆ ಸೀರೆಯಲ್ಲೇ, ಅಮ್ಮನನ್ನು ಹಿಡಿಯಲು ಬಂದರು. ಏನಾಗಿದೆ ಎಂದು ನನಗೆ ಗೊತ್ತಾಯಿತು. ನಡುಮನೆಯ ಕಡೆ ತಿರುಗಿ ಕೂಗಿದೆ.

"ಅಣ್ಣಾ, ಪ್ಲಗ್ಗು ಕೀಳು."

ಅತ್ತಿಗೆಯ ಕೈಗೂ ಅಮ್ಮನ ಭುಜಕ್ಕೂ ಒಂದು ಗೇಣು ಉಳಿದಿದ್ದಾಗ ಹಾಡು ನಿಂತಿತು. ಅಮ್ಮ ಕುಸಿದು ಕೂತಳು. ಉಸಿರು ಬಂತೆಂದು ನಂಬಲು ನನಗೆ ಬಹಳ ಹೊತ್ತು ಬೇಕಾಯಿತು. ಅವಳು ಆಮೇಲೆ ಹದಿನೆಂಟು ವರ್ಷ ಬದುಕಿದಳು.

ಅಣ್ಣ ನಡುಮನೆಯಲ್ಲಿದ್ದ; ಅವನು ಕಣ್ಣಾರೆ ಕಾಣಲಿಲ್ಲ. ಕಂಡವರು ಅತ್ತಿಗೆ ಮತ್ತು ನಾನು. ಅತ್ತಿಗೆ ಈಗಲೂ ಇದ್ದಾರೆ, ಹಾಸನದಲ್ಲಿ ಮಗಳ ಮನೆಯಲ್ಲಿ.