ದುಬೈಗೆ ಹೊರಟ ಹಚ್ಚೆ

ಅಜ್ಜಿ ಸೆರಗು ಸರಿಸಿ ಎಡಗೈಯನ್ನು ನನ್ನ ಮೇಜಿನ ಮೇಲಿಟ್ಟರು. ಮುಂಗೈ ಮೇಲೆ ಹಸಿರು ಹಚ್ಚೆ: ಒಂದು ತೊಟ್ಟಿಲು, ಪಕ್ಕದಲ್ಲಿ ಎರಡು ಗಿಳಿ.

"ಅಸಲಿ ಚಿತ್ರ ತಗೊಂಡು ಬರ್ರಿ ಅಂದಿದ್ರಲ್ರಿ, ಅದಕ್ಕ ಅತ್ತಿನ್ನ ಕರ್ಕೊಂಡು ಬಂದೀನಿ" ಎಂದಳು ಸೊಸೆ ಶಿವಲೀಲಾ.

ನಾನು ಹರಪನಹಳ್ಳಿಯಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ತುಂಬಿಕೊಡುವವಳು. ಶಿವಲೀಲಾ ಕೊಟ್ಟೂರಿನಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ದುಬೈವರೆಗೆ ಕಳಿಸುತ್ತಾಳೆ. ಅವಳ ಪೊಟ್ಟಣದ ಮೇಲಿನ ಗುರುತು ಇದೇ ಚಿತ್ರ. ಅಲ್ಲಿ ಯಾರೋ ಅದನ್ನೇ ತಮ್ಮ ಪುಡಿಗೂ ಅಂಟಿಸಿಕೊಂಡಿದ್ದರಿಂದ ಆ ದೇಶದಲ್ಲೂ ನೋಂದಣಿ ಮಾಡಿಸಬೇಕಿತ್ತು. ನಾನು ಕೇಳಿದ್ದು ಕಾಗದದ ಮೇಲಿನ ಚಿತ್ರವನ್ನು. ಅಂಥ ಕಾಗದವೇ ಇರಲಿಲ್ಲ; ಪೊಟ್ಟಣದ ಗುರುತು ಮಾಡಿಸಿದ್ದೇ ಈ ಹಚ್ಚೆ ನೋಡಿ.

ನಗು ತಡೆದುಕೊಂಡು ಮೊಬೈಲ್ ತೆಗೆದೆ. ಸುಕ್ಕಿನೊಳಗೆ ಗಿಳಿಯ ಕೊಕ್ಕು ಮಡಚಿಹೋಗಿತ್ತು. ಸೊಸೆ ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದಳು.

"ಸತ್ತಾಗ ಜೊತಿಗೆ ಬರೋದು ಹಚ್ಚಿ ಒಂದಾ ಅಂತ ನಮ್ಮವ್ವ ಹಾಕಿಸಿದ್ಲು" ಎಂದರು ಅಜ್ಜಿ. "ಈಗ ನೋಡವ್ವ, ನನ್ನ ಬಿಟ್ಟು ದುಬೈಗೆ ಹೊಂಟೈತಿ."

ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಆ ಫೋಟೊದಲ್ಲಿ ಸೊಸೆಯ ಎರಡು ಬೆರಳೂ ಬಂದಿದ್ದವು. ಕಳಿಸುವಾಗ ಅವನ್ನು ತೆಗೆಯಬೇಕಾಯಿತು. ನನ್ನ ಮೊಬೈಲ್‌ನಲ್ಲಿ ಮಾತ್ರ ಹಾಗೇ ಇಟ್ಟುಕೊಂಡಿದ್ದೇನೆ.