ನೀರು ನಿಲ್ಲುವ ಜಾಗ

ಕಳೆದ ವಾರ ಚೆನ್ನೈನ ಪುರಸೈವಾಕ್ಕಂನ ಅಂಗಡಿಯೊಂದರಲ್ಲಿ ಬಕೆಟ್ಟು ಕೊಳ್ಳುತ್ತಿದ್ದಾಗ, ಬಾಗಿಲಿಗೆ ನೇತುಹಾಕಿದ್ದ ಲಾವಂಚದ ತಟ್ಟಿಗೆ ಯಾರೋ ನೀರು ಚಿಮುಕಿಸಿದರು. ಆ ವಾಸನೆ ಬಂದದ್ದೇ ಎದುರು ಪೋರ್ಷನ್ನಿನ ಅಕ್ಕ ನೆನಪಾದಳು. ನಿಜ ಹೇಳಬೇಕೆಂದರೆ ಮೊದಲು ನೆನಪಾದದ್ದು ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು. ಆಮೇಲೆ ಅವಳು.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಮೈಸೂರಿನಿಂದ ಚೆನ್ನೈಗೆ ವರ್ಗವಾಗಿತ್ತು. ನಾವು ಬಾಡಿಗೆಗೆ ಹಿಡಿದ ಹಳೆಯ ಮನೆಯಲ್ಲಿ ಎರಡು ಪೋರ್ಷನ್ನುಗಳು, ನಡುವೆ ಒಂದೇ ಅಂಗಳ. ಎದುರಿನದರಲ್ಲಿ ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡ ವೈಷ್ಣವ ಕುಟುಂಬ. ಆ ಮನೆಯ ಮಗಳೇ ಈ ಅಕ್ಕ; ಆರ್ಕಿಟೆಕ್ಚರ್ ಓದಿ, ಕಟ್ಟಡಗಳ ನಕ್ಷೆ ಮಾಡುವ ಆಫೀಸಿಗೆ ಹೋಗುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವರ ಮನೆಯ ಕನ್ನಡ ಅರ್ಧ ತಮಿಳು. 'ಆಮೇಲೆ' ಎನ್ನುವಲ್ಲೆಲ್ಲ ಅವಳ ಬಾಯಲ್ಲಿ 'ಅಪ್ಪುರಂ' ಬರುತ್ತಿತ್ತು.

ಅಮ್ಮ ಚೆನ್ನೈಗೆ ಬಂದ ಮೇಲೆ ಮಾತು ಕಡಿಮೆ ಮಾಡಿದ್ದಳು. ತಮಿಳು ಬಾರದು, ಸೆಕೆ ಒಗ್ಗದು. ಮೈಸೂರಿನಲ್ಲಿ ಬಿಟ್ಟು ಬಂದ ಹೂಗಿಡಗಳ ಹೆಸರನ್ನು ಮಾತ್ರ ಆಗಾಗ ಹೇಳಿಕೊಳ್ಳುತ್ತಿದ್ದಳು. ನಾನಾಗ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅಂಗಳದಲ್ಲಿ ಅವಳಿಗೊಂದು ತೋಟ ಮಾಡಿಕೊಟ್ಟರೆ ಮೊದಲಿನ ಅಮ್ಮ ಮರಳಿ ಸಿಗುತ್ತಾಳೆ, ಮಾಡಿಕೊಡಬೇಕಾದವಳು ನಾನೇ, ಎಂದುಕೊಂಡಿದ್ದೆ. ಗ್ರಾಫ್ ಹಾಳೆಯಲ್ಲಿ ಅಳತೆ ಹಿಡಿದು ನೇರ ಸಾಲುಗಳ ಪಾತಿ ಬರೆದೆ. ಡೇರೆ, ಸೇವಂತಿಗೆ, ಗುಲಾಬಿ. ಮುಂಗಾರಿನ ಲೆಕ್ಕ ಹಿಡಿದು ಜೂನಿನಲ್ಲಿ ನೆಟ್ಟೆವು. ಚೆನ್ನೈಗೆ ಮಳೆ ಬರುವುದು ದೀಪಾವಳಿಯ ಹೊತ್ತಿಗೆ ಎಂದು ಗೊತ್ತಿತ್ತು, ಆದರೂ ಕೈ ಮೈಸೂರಿನದು... ಅರ್ಧ ಗಿಡಗಳು ಬಿಸಿಲಿಗೆ ಸುಟ್ಟವು. ಉಳಿದವು ಅಕ್ಟೋಬರಿನ ಮಳೆಗೆ ನಿಂತ ನೀರಿನಲ್ಲಿ ಕೊಳೆತವು.

ಆ ಮಳೆಯಲ್ಲೇ ಅಕ್ಕ ಕೊಡೆ ಹಿಡಿದು ಅಂಗಳಕ್ಕಿಳಿದಳು.

"ಮಾಮಿ, ಈ ವರ್ಷ ಗಿಡ ಬೇಡ. ಮಳೆ ಪೂರ್ತಿ ಬಂದು ಹೋಗ್ಲಿ. ತಣ್ಣಿ ಎಲ್ಲಿಂದ ಬರತ್ತೆ, ಎಲ್ಲಿ ನಿಲ್ಲತ್ತೆ ನೋಡ್ಕೊಳಣ. ಅಪ್ಪುರಂ ಪ್ಲಾನ್."

ನೀರಿನ ದಾರಿ ಕಾಣಬೇಕಾದರೆ ಏನನ್ನಾದರೂ ತೇಲಿಬಿಡಬೇಕಿತ್ತು. ದೇವರ ಮೇಲಿಂದ ತೆಗೆದ ಹಿಂದಿನ ದಿನದ ಹೂ ಕೊಡಿ ಎಂದಳು. ನನಗೆ ಒಳಗೊಳಗೇ ಸಮಾಧಾನವಾಯಿತು. ನಿರ್ಮಾಲ್ಯವನ್ನು ಅಮ್ಮ ತುಳಸಿಯ ಬುಡಕ್ಕಲ್ಲದೆ ಬೇರೆಲ್ಲೂ ಹಾಕುತ್ತಿರಲಿಲ್ಲ. ಕಾಲೇಜಿನ ಪ್ರಯೋಗಕ್ಕೆಂದು ನಾನೊಮ್ಮೆ ಅದರಿಂದ ಎರಡು ದಾಸವಾಳ ಕೇಳಿದಾಗ ತಟ್ಟೆಯನ್ನೇ ಮುಟ್ಟಗೊಟ್ಟಿರಲಿಲ್ಲ.

"ತುಳಿಯೋ ಜಾಗಕ್ಕೆ ದೇವರ ಹೂ ಹಾಕ್ತಾರೇನೇ ಹುಡುಗಿ?"

"ಪೆರುಮಾಳು ಮಲಗಿರೋದೇ ಸಮುದ್ರದ ಮೇಲೆ, ಮಾಮಿ. ಅವರ ಹೂವಿಗೆ ಈ ನೀರು ಒಂದು ಲೆಕ್ಕಾನಾ?"

ಅಮ್ಮ ನಕ್ಕಳು. ಸೆರಗನ್ನು ಬಾಯಿಗೆ ಹಿಡಿದು, ಭುಜ ಕುಲುಕುವಂತೆ. ಚೆನ್ನೈಗೆ ಬಂದ ಮೇಲೆ ಆ ನಗು ನಾನು ಕೇಳಿದ್ದು ಅದೇ ಮೊದಲು. ನಗುತ್ತಲೇ ಒಳಗೆ ಹೋಗಿ ಹೂವಿನ ತಟ್ಟೆ ತಂದು ಅವಳ ಕೈಗಿಟ್ಟಳು.

ಆ ಮಳೆಗಾಲವೆಲ್ಲ ಇಬ್ಬರೂ ಒಂದೇ ಕೊಡೆಯಡಿ ನಿಂತಿರುತ್ತಿದ್ದರು. ಹೂಗಳು ತೇಲಿ ಹೋಗಿ ಗುಂಪುಗೂಡಿದ ಕಡೆ ಇಟ್ಟಿಗೆ ಚೂರಿಟ್ಟು ಗುರುತು ಮಾಡುತ್ತಿದ್ದರು. ನಾನು ಕಿಟಕಿಯ ಹಿಂದೆ ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದೆ. ಮಳೆಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು...

ಮಳೆ ಮುಗಿದ ಮೇಲೆ ತೋಟ ಎದ್ದಿತು. ಹೂಗಳು ಗುಂಪುಗೂಡುತ್ತಿದ್ದ ತಗ್ಗನ್ನು ಅಕ್ಕ ಮುಚ್ಚುವ ಬದಲು ಇನ್ನಷ್ಟು ಅಗೆಸಿ, ಜಲ್ಲಿ ಮರಳು ತುಂಬಿಸಿ, ಸುತ್ತ ಲಾವಂಚ, ಕೆಸು, ಕಾಬಾಳೆ ಹಾಕಿಸಿದಳು. ಅಗೆದ ಮಣ್ಣು ಗೋಡೆಯ ಬದಿಗೆ ದಿಬ್ಬವಾಯಿತು. ಬೇರಿನಲ್ಲಿ ನೀರು ನಿಂತರೆ ಸಹಿಸದ ಮಲ್ಲಿಗೆ ಅದರ ಮೇಲೆ. ಓಡಾಡುವ ದಾರಿಗೆ ಸಿಮೆಂಟು ಬೇಡವೆಂದು, ಸಂದು ಬಿಟ್ಟು ಜೋಡಿಸಿದ ಇಟ್ಟಿಗೆ. ಅದರಲ್ಲಿ ತಪ್ಪು ಹುಡುಕಲು ನಾನು ಬಹಳ ಪ್ರಯತ್ನಪಟ್ಟೆ. ಸಿಗಲಿಲ್ಲ.

ಮುಂದಿನ ವರ್ಷ, ಬೆಳಗಿನ ಮಳೆಯ ನೀರು ಸಂಜೆಯೊಳಗೆ ಇಂಗಿತು. ಅಷ್ಟರಲ್ಲಿ ಅಕ್ಕ ಮದುವೆಯಾಗಿ ಕೊಯಮತ್ತೂರಿಗೆ ಹೋಗಿದ್ದಳು. ಕೊನೆಗೂ ಕೊಡೆಯಡಿ ನನಗೆ ಜಾಗ ಸಿಕ್ಕಿತೆಂದು ಅಮ್ಮನ ಪಕ್ಕ ಹೋಗಿ ನಿಂತೆ.

"ಅವಳು ನೋಡ್ಬೇಕಿತ್ತು ಕಣೆ" ಎಂದಳು ಅಮ್ಮ.

ನಾನು ಹೂಂ ಎಂದೆ.

ಅಮ್ಮ ಹೋಗಿ ಈಗ ಎರಡು ವರ್ಷ. ವೈಕುಂಠ ಸಮಾರಾಧನೆಯ ದಿನ ಅಕ್ಕ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂದು, ಕೋಯಂಬೇಡಿನಲ್ಲಿ ಇಳಿದು, ನೇರ ಮನೆಗೇ ಬಂದಳು. ಬಂದವಳೇ ಅಮ್ಮನ ಫೋಟೋದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ನಾಲ್ಕು ಜನರೆದುರು ಅಳಲು ಬರುವುದಿಲ್ಲ. ಊಟಕ್ಕೆ ಎಲೆ ಹಾಕಿಸುತ್ತಿದ್ದೆ. ನನ್ನ ಗುರುತಿಲ್ಲದ, ಅಪ್ಪನ ಹಳೆಯ ಆಫೀಸಿನವರ ಹೆಂಡತಿಯರು ನನ್ನನ್ನು ದಾಟಿ ಹೋಗಿ ಅವಳ ಕೈ ಹಿಡಿದುಕೊಂಡರು. ತಾಯಿಯ ಋಣ ಇಷ್ಟೇ ಇತ್ತು, ಧೈರ್ಯ ತಂದುಕೋ ಎಂದು ಸಮಾಧಾನ ಹೇಳಿದರು.

ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ಕೈ ತೋರಿಸಿದಳು. "ಮಗಳು ಅವಳು, ಮಾಮಿ. ನಾನಲ್ಲ."

ಅವರು ತಿರುಗಿ ನನ್ನ ಒಣ ಕಣ್ಣುಗಳನ್ನು ನೋಡಿದರು.

ಆಮೇಲೆ ನಾನು ಅವಳನ್ನು ಕಂಡಿಲ್ಲ. ಆ ಹಳೆಯ ಮನೆಯನ್ನು ಕೆಡವಿ ಫ್ಲ್ಯಾಟು ಎಬ್ಬಿಸಿದ್ದಾರೆ; ಅಂಗಳವಿದ್ದ ಕಡೆ ಕಾರುಗಳು ನಿಲ್ಲುತ್ತವೆ. ಅವಳ ನಂಬರು ನನ್ನ ಮೊಬೈಲಿನಲ್ಲಿದೆ. ಆ ಮಳೆಯಲ್ಲಿ ಅಮ್ಮ ಏನು ಹೇಳಿ ನಗುತ್ತಿದ್ದಳೆಂದು ಕೇಳಬಹುದು. ನನಗೆ ಅಮ್ಮನ ಮಾತುಗಳು ಒಂದೊಂದಾಗಿ ಮರೆಯುತ್ತಿವೆ... ಅವಳಿಗೆ ಎಲ್ಲ ನೆನಪಿರುತ್ತದೆ. ಒಂದನ್ನೂ ಬಿಡದೆ ಹೇಳುತ್ತಾಳೆ. ಅದಕ್ಕೇ ಇನ್ನೂ ಫೋನು ಮಾಡಿಲ್ಲ.